ಕಾಂತಿಯ ಸೊಂಟ

“ಹೊಟ್ಟೆ ಮುಚ್ಚು ಮಾರಾಯ್ತಿ! ನಿನ್ನ ಆ ಗುಡಾಣವನ್ನು ಅವಳ ಮುಖಕ್ಕೆ ಹಿಡಿದು ಕೂತಿದ್ದಿಯಲ್ಲ, ಅವಳ ಒಳಗಿನ ಮಗುವಿಗೆ ದೃಷ್ಟಿ ತಾಗುದಿಲ್ವಾ?”

ಬಾಗಿಲಲ್ಲಿ ನಿಂತಿದ್ದ ಮನೋರಮಮ್ಮ ಮೈ ಒರಸುವ ಹಳೆಯ ಬೈರಾಸೊಂದನ್ನು ಎಸೆದರು. ಅದು ಕಾಂತಿಯ ಹೆಗಲಿಗೆ ತಾಗಿ ಕೆಳಗೆ ಬಿತ್ತು. ಕಾಂತಿ ಅದನ್ನು ಹೆಕ್ಕಿ ಹೊಟ್ಟೆಗೆ ಸುತ್ತಿಕೊಂಡಳು. ಬೈರಾಸಿನ ಎರಡು ತುದಿಗಳು ಒಂದಕ್ಕೊಂದು ಎಟುಕಲಿಲ್ಲ. ಒಂದು ತುದಿಯನ್ನು ಸೀರೆಯ ನೆರಿಗೆಗೆ ಸಿಕ್ಕಿಸಿ, ಎಣ್ಣೆಯ ಕೈಯನ್ನು ಮತ್ತೆ ರಾಜಮತಿಯ ಮೀನಖಂಡದ ಮೇಲಿಟ್ಟಳು.

ಒಳಜಗಲಿಯ ಚಾಪೆಯ ಮೇಲೆ ರಾಜಮತಿ ಎಡಮಗ್ಗುಲಾಗಿ ಮಲಗಿದ್ದಳು. ಎರಡು ಮೊಣಕಾಲಿನ ನಡುವೆ ದಿಂಬು. ಆ ಮನೆಯ ಸೊಸೆ, ಬೆಳ್ತಂಗಡಿ ಕಡೆಯಿಂದ ಬಂದವಳು, ಇದು ಚೊಚ್ಚಲು. ಬೇರು ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಿತ್ತಾಳೆಯ ಗಿಂಡಿಯಲ್ಲಿತ್ತು. ಕಾಂತಿ ಕಾಲಿನ ಹರಡಿನಿಂದ ಮೇಲಕ್ಕೆ ನೀವುತ್ತಾ ಹೋದಳು. ಬಾತ ಕಾಲು. ಒತ್ತಿದಲ್ಲಿ ಬೆರಳಿನ ಗುಳಿ ಬಿದ್ದು, ಸ್ವಲ್ಪ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ತನ್ನ ಕಾಲಲ್ಲೂ ಹಾಗೆಯೇ ಗುಳಿ ಬೀಳುತ್ತದೆ ಎಂದು ಕಾಂತಿಗೆ ಗೊತ್ತಿತ್ತು.

“ನೋಡಿಕೊಂಡು ಕೂತ್ಕೋ. ಅಲ್ಲಿ ಇರುವೆ ಹೋಗ್ತಾ ಉಂಟು” ಎಂದರು ಮನೋರಮಮ್ಮ. “ಮೊಣಕಾಲಿನ ಅಡಿಗೆ ಸಿಕ್ಕಿ ಸತ್ತೀತು. ಪಾಪ.”

ಕಾಂತಿ ಮೊಣಕಾಲನ್ನು ಹಿಂದಕ್ಕೆಳೆದು, ಇರುವೆಯ ಸಾಲಿಗೆ ದಾರಿ ಬಿಟ್ಟು, ಬಗ್ಗಿದ ಬೆನ್ನನ್ನು ಇನ್ನಷ್ಟು ಬಗ್ಗಿಸಿ ತಿಕ್ಕಿದಳು.

ಮಿಜಾರಿನ ಆ ದೊಡ್ಡಮನೆಯಲ್ಲಿ ಬಸುರಿಯರಿಗೆ ಎಣ್ಣೆ ತಿಕ್ಕುವುದು ಕಾಂತಿಯ ಅತ್ತೆ ಸೇಸಮ್ಮನ ಕೆಲಸವಾಗಿತ್ತು. ಮನೋರಮಮ್ಮನ ಎಲ್ಲ ಹೆರಿಗೆಗೂ ತಿಕ್ಕಿದ್ದು ಅವಳೇ. ಈಗ ಅವಳ ಬೆರಳುಗಳು ಗಂಟುಗಟ್ಟಿ ಕೊಕ್ಕೆಯ ಹಾಗೆ ಬಾಗಿದ್ದವು. ಗಂಜಿಯ ತಟ್ಟೆ ಹಿಡಿಯುವುದಕ್ಕೂ ಎರಡು ಕೈ ಬೇಕಿತ್ತು. ದೊಡ್ಡಮನೆಯ ಸೊಸೆಗೆ ದಿನ ತುಂಬುತ್ತಿದೆ ಎಂದು ಕರೆ ಬಂದಾಗ ಸೇಸಮ್ಮ ಚಾವಡಿಯ ಕೆಳಗೆ ನಿಂತು ಎರಡೂ ಕೈಗಳನ್ನು ಧಣಿ ಧರ್ಮಪಾಲರಿಗೆ ತೋರಿಸಿದಳು.

ಅವರು ಎಲೆಗೆ ಸುಣ್ಣ ಸವರುತ್ತಾ, “ನಿನ್ನ ಕೈ ಆಗದಿದ್ರೆ ಸೊಸೆಯ ಕೈ ಉಂಟಲ್ಲ” ಎಂದರು.

“ಅವಳೂ ಬಸುರಿ ಧಣೀ. ಅವಳಿಗೂ ಇದೇ ತಿಂಗಳು…”

“ಕೈಗೆ ಬಸುರಾದದ್ದಾ?”

ಚಾವಡಿಯಲ್ಲಿ ಕುಳಿತಿದ್ದವರು ನಕ್ಕರು. ಕಾಂತಿಯ ಗಂಡ ಶಂಭು ಧಣಿಗಳ ಎರಡು ತುಂಡು ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದ. ವರ್ಷ ವರ್ಷ ಅವರ ಬಾಯಿಮಾತಿನ ಮೇಲೆ ನಿಂತ ಗದ್ದೆ. ಉಳುವವನಿಗೆ ಭೂಮಿ ಕೊಡುವ ಕಾನೂನು ಬರುತ್ತದಂತೆ ಎಂದು ಬಂಟ್ವಾಳದ ಕಡೆಯಲ್ಲಿ ಕೆಂಪು ಬಾವುಟದವರು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಕಾನೂನು ಬರುವ ಮೊದಲೇ ಎಷ್ಟೋ ಧಣಿಗಳು ಒಕ್ಕಲುಗಳನ್ನು ಎಬ್ಬಿಸಿಬಿಟ್ಟಿದ್ದರು. ಸೇಸಮ್ಮ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಮನೆಗೆ ಬಂದಳು. ಮರುದಿನದಿಂದ ಕಾಂತಿ ಹಿತ್ತಿಲ ಬಾಗಿಲಿನಿಂದ ಒಳಜಗಲಿಗೆ ಹೋಗತೊಡಗಿದಳು.

ಮನೋರಮಮ್ಮ ಬಸದಿಗೆ ಹೋಗಿದ್ದ ಹೊತ್ತಿನಲ್ಲಿ ರಾಜಮತಿ ಮಾತಾಡುತ್ತಿದ್ದಳು. ತಾಯಿಮನೆಯ ಮಾತು, ಅಕ್ಕಂದಿರ ಮಾತು. ಕಾಂತಿ ಹೂಂಗುಟ್ಟುತ್ತಾ ಸೊಂಟದ ಎರಡೂ ಬದಿಯನ್ನು ಅಂಗೈ ಬುಡದಿಂದ ಒತ್ತುತ್ತಿದ್ದಳು.

“ನಿನಗೂ ಹೀಗೇ ನೋಯ್ತದಾ?” ರಾಜಮತಿ ಒಂದು ದಿನ ಕೇಳಿದಳು.

“ನೋಯ್ತದೆ ಅಮ್ಮ.”

“ನಿನಗೆ ಯಾರು ತಿಕ್ಕುದು?”

“ಯಾರೂ ಇಲ್ಲ.”

“ಹಾಗಾದ್ರೆ ಎಂತ ಮಾಡ್ತಿ?”

ನೋಯುವುದಕ್ಕೆ ಏನು ಮಾಡುವುದು? ನೋಯುತ್ತದೆ. ಸಂಜೆ ಮನೆಗೆ ಹೋದರೆ ಅತ್ತೆ, “ಬಾ ಇಲ್ಲಿ” ಎಂದು ಕರೆದು ಮೊಣಕೈಯಿಂದ ಒತ್ತಲು ನೋಡುತ್ತಿದ್ದಳು. ಎಲುಬಿಗೆ ಎಲುಬು ತಾಗಿ ಇನ್ನಷ್ಟು ನೋಯುತ್ತಿತ್ತು. ಸಾಕು ಎಂದರೆ ಅತ್ತೆಗೆ ಬೇಸರವಾದೀತೆಂದು ಕಾಂತಿ, “ಈಗ ಕಮ್ಮಿ ಆಯ್ತು” ಎನ್ನುತ್ತಿದ್ದಳು.

“ಎಂತ ಇಲ್ಲ ಅಮ್ಮ” ಎಂದಳು ರಾಜಮತಿಗೆ. “ಆಚೆ ತಿರುಗಿ.”

ಅದಾಗಿ ಕೆಲವು ದಿನಕ್ಕೆ, ತಿಕ್ಕಿ ಮುಗಿಸಿ ಏಳಲು ಹೋದ ಕಾಂತಿಗೆ ಏಳಲಾಗಲಿಲ್ಲ. ಸೊಂಟದೊಳಗೆ ಏನೋ ಕಚ್ಚಿ ಹಿಡಿದಂತಾಗಿ ನೆಲಕ್ಕೆ ಕೈಯೂರಿ ಹಾಗೆಯೇ ನಿಂತುಬಿಟ್ಟಳು, ಹಸುವಿನ ಹಾಗೆ. ರಾಜಮತಿ ಎದ್ದು ಕುಳಿತಳು. ಬಾಗಿಲ ಕಡೆ ಒಮ್ಮೆ ನೋಡಿದಳು.

“ಹಾಗೇ ಇರು” ಎಂದಳು.

ಆಮೇಲೆ ಸೊಂಟದ ಮೇಲೆ ಎರಡು ಕೈಗಳು ಬಂದವು. ಮೆತ್ತಗಿನ, ಎಣ್ಣೆಯ ಪಸೆಯಿದ್ದ ಕೈಗಳು. ಒತ್ತಿ ಗೊತ್ತಿಲ್ಲದ ಕೈಗಳು, ಎಲ್ಲೆಲ್ಲೋ ತಡಕಾಡಿದವು.

“ಇಲ್ಲಿಯಾ?”

“ಸ್ವಲ್ಪ ಕೆಳಗೆ.”

“ಇಲ್ಲಿ?”

“ಹ್ಞೂಂ.”

ರಾಜಮತಿ ಒತ್ತಿದಳು. ಕಚ್ಚಿ ಹಿಡಿದದ್ದು ಮೆಲ್ಲನೆ ಬಿಟ್ಟಿತು. ಕಾಂತಿಯ ಬಾಯಿಂದ ಗೊತ್ತಿಲ್ಲದೆಯೇ ಒಂದು ಸದ್ದು ಹೊರಟಿತು. ಹೊಟ್ಟೆಯೊಳಗಿನ ಮಗು ಕಾಲು ಚಾಚಿ ಹೊರಳಿತು. ಕಾಂತಿ ಕಣ್ಣು ಮುಚ್ಚಿಕೊಂಡಳು.

“ಎಂತ ಮಾಡುದು ನೀನು!”

ಬಾಗಿಲಲ್ಲಿ ನಿಂತಿದ್ದ ಮನೋರಮಮ್ಮನ ಕೈಯಲ್ಲಿ ಬಸದಿಯಿಂದ ತಂದ ಹೂ ಇನ್ನೂ ಇತ್ತು. ರಾಜಮತಿಯ ಕೈ ಕೆಂಡ ಮುಟ್ಟಿದ ಹಾಗೆ ಹಿಂದಕ್ಕೆ ಹೋಯಿತು.

“ನಾನಲ್ಲ ಅತ್ತೆ” ಎಂದಳು. “ಅವಳೇ… ಒತ್ತಿ ಅಂತ ಅವಳೇ ಹೇಳಿದ್ದು.”

ಕಾಂತಿ ತಲೆ ತಿರುಗಿಸಿ ಅವಳನ್ನು ನೋಡಿದಳು. ರಾಜಮತಿ ಗೋಡೆಯನ್ನು ನೋಡುತ್ತಿದ್ದಳು.

“ಬೇವರ್ಸಿ ರಂಡೆ! ನನ್ನ ಮನೆಯ ಸೊಸೆಯ ಕೈಯಲ್ಲಿ ಸೊಂಟ ತಿಕ್ಕಿಸಿಕೊಳ್ತೀಯಾ? ನಿನ್ನ ಅಪ್ಪನ ಮನೆಯ ತೊತ್ತಾ ಅವಳು?” ಮನೋರಮಮ್ಮನ ದನಿ ಚಾವಡಿಗೆ ಕೇಳಿಸಿತು.

ಶಂಭುವನ್ನು ಗದ್ದೆಯಿಂದ ಕರೆಸಿದರು. ಅವನು ಕೆಸರು ಕಾಲಿನಲ್ಲೇ ಬಂದು ಅಂಗಳದಲ್ಲಿ ನಿಂತ. ಕಾಂತಿ ತುಳಸಿಕಟ್ಟೆಯಿಂದಾಚೆ ಬಿಸಿಲಲ್ಲಿ ನಿಂತಿದ್ದಳು. ಧರ್ಮಪಾಲರು ಚಾವಡಿಯ ಮೇಲಿನಿಂದ, ದನಿ ಎತ್ತರಿಸದೆ, ಹವೆಯ ಸುದ್ದಿ ಹೇಳುವಂತೆ ಹೇಳಿದರು:

“ನಿನ್ನ ಹೆಂಡತಿಗೆ ಸೊಂಟ ನೋವಂತೆ ಶಂಭು. ನಮ್ಮ ಸೊಸೆ ತಿಕ್ಕಬೇಕಂತೆ.”

“ತಪ್ಪಾಯ್ತು ಧಣೀ.”

“ನಿನ್ನ ಬಾಯಿಯ ತಪ್ಪು ಯಾರಿಗೆ ಬೇಕು? ಹೊಡಿ ಅವಳಿಗೆ.”

ಶಂಭು ತಲೆ ತಗ್ಗಿಸಿ ನಿಂತ.

“ಗದ್ದೆ ಬೇಕಾ ಬೇಡ್ವಾ?”

ಶಂಭು ಕಾಂತಿಯ ಹತ್ತಿರ ಬಂದು ಕೆನ್ನೆಗೆ ಹೊಡೆದ. ಮೆಲ್ಲ ಹೊಡೆದ.

“ಕೇಳಿಸ್ಲಿಲ್ಲ” ಎಂದರು ಧಣಿ.

ಶಂಭು ಮತ್ತೊಮ್ಮೆ ಹೊಡೆದ. ಈ ಸಲ ಕೊಟ್ಟಿಗೆಯ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿದವು.

“ಕೂತು ಕೂತು ಹಿಡಿದ ಸೊಂಟ ಅದು” ಎಂದರು ಧರ್ಮಪಾಲರು ಏಳುತ್ತಾ. “ಬೆಳಿಗ್ಗೆ ಎಣ್ಣೆ ತಿಕ್ಕಿ ಆದ ಮೇಲೆ ಗೊಬ್ಬರ ಹೊರ್ಲಿ. ಮೈ ಬಗ್ಗಿದ್ರೆ ಎಲ್ಲ ಸರಿಯಾಗ್ತದೆ.”

ವರ್ಷದ ಮೂರನೆಯ ಬೆಳೆಯಾದ ಕೊಳಕೆಗೆ ಗದ್ದೆ ತಯಾರಾಗುತ್ತಿತ್ತು. ಹಟ್ಟಿಯ ಗೊಬ್ಬರವನ್ನು ಬುಟ್ಟಿಗೆ ತುಂಬಿ ಹೆಂಗಸರ ತಲೆಗೆ ಎತ್ತಿಕೊಡುತ್ತಿದ್ದವನು ಡೊಂಬಯ್ಯ. ಅವನೂ ಒಕ್ಕಲು, ಶಂಭುವಿನ ನೆರೆಯವನು. ಕಾಂತಿಯ ಸರದಿ ಬಂದಾಗ ಅರ್ಧ ಬುಟ್ಟಿಯನ್ನೇ ಎತ್ತಿಕೊಡುತ್ತಿದ್ದ.

“ಆ ಬುಟ್ಟಿಯ ಉಳಿದರ್ಧ ನಿನ್ನ ಹೆಂಡತಿ ಹೊರ್ತಾಳಾ ಡೊಂಬಯ್ಯ?” ಎಂದು ಧರ್ಮಪಾಲರು ಗದ್ದೆಯಂಚಿನ ಕಟ್ಟಪುಣಿಯ ಮೇಲಿನಿಂದ ಕೇಳಿದ ಮೇಲೆ ತುಂಬಿಸಿಯೇ ಎತ್ತಿಕೊಟ್ಟ. ಎತ್ತುವಾಗ, “ಮೆಲ್ಲ ಹೋಗು ತಂಗೀ” ಎಂದಷ್ಟೇ ಹೇಳಿದ.

ಬೆಳಿಗ್ಗೆ ಎಣ್ಣೆ, ಆಮೇಲೆ ಗೊಬ್ಬರ. ಈಗ ಮನೋರಮಮ್ಮ ಒಳಜಗಲಿ ಬಿಟ್ಟು ಕದಲುತ್ತಿರಲಿಲ್ಲ. ರಾಜಮತಿ ಮಾತಾಡುತ್ತಿರಲಿಲ್ಲ, ಕಣ್ಣು ಮುಚ್ಚಿ ಮಲಗುತ್ತಿದ್ದಳು. ಕಾಂತಿಗೂ ಮಾತು ಬೇಕಿರಲಿಲ್ಲ. ಅವಳ ಕೈಗಳು ತಮ್ಮಷ್ಟಕ್ಕೆ ಹರಡಿನಿಂದ ಮೇಲಕ್ಕೆ ಹೋಗಿ ಬರುತ್ತಿದ್ದವು. ಮುಟ್ಟುತ್ತಿರುವುದು ಕಾಲೋ, ಬಾಳೆಯ ದಿಂಡೋ ಎಂಬುದು ತಿಳಿಯದಷ್ಟು ಬೆರಳುಗಳು ಜೋಮು ಹಿಡಿದಿದ್ದವು. ಮನೆಯಲ್ಲಿ ಶಂಭು ಅವಳ ಮುಖ ನೋಡುತ್ತಿರಲಿಲ್ಲ. ಗಂಜಿ ಉಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಒಂದು ಮಧ್ಯಾಹ್ನ ಗದ್ದೆಯ ನಡುವೆ ಅವಳ ಕಾಲಿನ ನಡುವಿನಿಂದ ಬೆಚ್ಚಗೆ ಏನೋ ಇಳಿಯಿತು. ಬೆವರು ಎಂದುಕೊಂಡಳು. ಬುಟ್ಟಿಯನ್ನು ಗುಪ್ಪೆಯ ಮೇಲೆ ಸುರಿದಳು. ವಾಪಸು ತಿರುಗಿದವಳು ಕಟ್ಟಪುಣಿಯ ಮೇಲೆ ಕುಳಿತಳು. ಹಿಂದೆ ಬರುತ್ತಿದ್ದ ಹೆಂಗಸು ನೆತ್ತರು ನೋಡಿ ಕೂಗಿಕೊಂಡಳು.

ಮನೆಗೆ ಹೊತ್ತೊಯ್ಯುವಷ್ಟು ಹೊತ್ತಿರಲಿಲ್ಲ. ಎರಡು ಸೀರೆಗಳನ್ನು ಅಡ್ಡ ಹಿಡಿದರು. ಸೇಸಮ್ಮ ಓಡಿ ಬಂದಳು. ಊರಿನ ಎಷ್ಟೋ ಮಕ್ಕಳನ್ನು ಹಿಡಿದ ಅವಳ ಕೈಗಳಿಗೆ ಮೊಮ್ಮಗಳ ತಲೆಯನ್ನು ಹಿಡಿಯಲಾಗಲಿಲ್ಲ, ಜಾರಿತು. ಬೇರೆ ಯಾರೋ ಹಿಡಿದರು. ಕಾಲು ಹಿಡಿದು ಎತ್ತಿ ಬೆನ್ನು ತಟ್ಟಿದರು. ಮತ್ತೆ ತಟ್ಟಿದರು.

“ಸಾಕು ಬಿಡಿ” ಎಂದಳು ಕಾಂತಿ. ಅವಳಿಗೆ ಆಗಲೇ ತಿಳಿದಿತ್ತು.

ಹಿತ್ತಿಲ ಹಲಸಿನ ಮರದ ಬುಡದಲ್ಲಿ ಶಂಭು ಗುಂಡಿ ತೋಡಿದ. ಸೇಸಮ್ಮ ಎದೆ ಬಡಿದುಕೊಂಡು ಅತ್ತಳು. ಕಾಂತಿ ಅಳಲಿಲ್ಲ. ಒಲೆಯ ಪಕ್ಕದಲ್ಲಿ ಮಲಗಿ ಮಾಡಿನ ಮುಳಿಹುಲ್ಲನ್ನು ನೋಡುತ್ತಿದ್ದಳು. ಅಳಬೇಕು ಎಂದು ಒಮ್ಮೆ ಅನ್ನಿಸಿತು. ಎಲ್ಲಿಂದ ಸುರು ಮಾಡುವುದೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡೊಂಬಯ್ಯ ಬಂದು ಅಂಗಳದಲ್ಲಿ ನಿಂತ. ಎಲೆ ಅಡಿಕೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

“ನಾನು ಹೇಳುದಲ್ಲ ಶಂಭು. ಅಲ್ಲಿಂದ ಹೇಳಿ ಕಳಿಸಿದ್ದು. ಹೆರಿಗೆಯ ಅಮೆ ಕಳೆದ ಕೂಡಲೇ ಕಾಂತಿ ಬರ್ಬೇಕಂತೆ. ಸಣ್ಣಮ್ಮನ ಕಾಲು ಜಾಸ್ತಿ ಬಾತಿದೆಯಂತೆ. ಈಗ ಹೊಟ್ಟೆಯೂ ಖಾಲಿ ಅಲ್ವಾ, ಸಲೀಸಾಗಿ ತಿಕ್ಕಬಹುದು ಅಂತ… ದೊಡ್ಡಮ್ಮ ಹೇಳಿದ್ರು.”

ಡೊಂಬಯ್ಯ ಹೋದ.

ಕಾಂತಿ ಎದ್ದಳು. ಗೋಡೆ ಹಿಡಿದು ನಿಂತು, ಸೆರಗು ಸರಿಮಾಡಿಕೊಂಡಳು. ಎದೆಯ ಮೇಲೆ ರವಿಕೆ ಒದ್ದೆಯಾಗಿತ್ತು. ಕುಡಿಯುವ ಬಾಯಿಲ್ಲದ ಹಾಲು ಇಳಿಯುತ್ತಿತ್ತು.

“ಎಲ್ಲಿಗೆ?” ಸೇಸಮ್ಮ ಕೇಳಿದಳು.

“ದೊಡ್ಡಮನೆಗೆ.”

“ನಿನಗೆ ಮರುಳಾ? ಅಮೆ ಉಂಟು! ಈ ಮೈಲಿಗೆಯಲ್ಲಿ ಯಾರ ಮನೆಯ ಮೆಟ್ಟಿಲೂ ಹತ್ಲಿಕ್ಕಿಲ್ಲ.”

“ಕರೆದಿದ್ದಾರಲ್ಲ ಅತ್ತೆ.”

ಕಾಂತಿ ನಡೆದಳು. ದೊಡ್ಡಮನೆಯ ಹಿತ್ತಿಲ ಬಾಗಿಲ ಕಡೆ ತಿರುಗಲಿಲ್ಲ. ಎದುರಿನ ಅಂಗಳ ದಾಟಿ, ಚಾವಡಿಯ ಮೆಟ್ಟಿಲು ಹತ್ತಿ, ಅಲ್ಲಿ ಕುಳಿತಿದ್ದವರ ನಡುವೆಯೇ ಹಾದು ಒಳಜಗಲಿಗೆ ಹೋದಳು. ಯಾರೋ “ಏಯ್” ಎಂದರು. ಚಾಪೆ ಹಾಸಿತ್ತು. ರಾಜಮತಿ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು. ಕಾಂತಿಯನ್ನು ಕಂಡು ಅವಳ ಮುಖ ಬಿಳುಪೇರಿತು.

ಕಾಂತಿ ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿದಳು. ದಿಂಬನ್ನು ಎಳೆದು ಮೊಣಕಾಲಿನ ನಡುವೆ ಇಟ್ಟುಕೊಂಡಳು. ಬೆನ್ನನ್ನು ರಾಜಮತಿಯ ಕಡೆ ಮಾಡಿದಳು.

“ಒತ್ತಿ ಅಮ್ಮ.”

ರಾಜಮತಿ ಚಾಚಿದ ಕಾಲುಗಳನ್ನು ಹಿಂದಕ್ಕೆಳೆದುಕೊಂಡಳು.

“ಆವತ್ತು ನಾನು ಹೇಳಿರ್ಲಿಲ್ಲ. ಇವತ್ತು ಹೇಳ್ತಿದ್ದೇನೆ. ಒತ್ತಿ.”

ರಾಜಮತಿಯ ಕೈ ಸ್ವಲ್ಪ ಮೇಲೆದ್ದಿತು. ಅಲ್ಲೇ ನಿಂತಿತು. ಆಮೇಲೆ ಅವಳು ಸೀರೆಯನ್ನು ಮುದುಡಿಕೊಂಡು ಗೋಡೆಯುದ್ದಕ್ಕೆ ಸರಿಯುತ್ತಾ ಮೂಲೆ ಸೇರಿದಳು.

“ಅಯ್ಯಯ್ಯೋ! ಅಮೆಯ ಹೆಂಗಸು ಒಳಗೆ ಬಂದಿದೆ!” ಮನೋರಮಮ್ಮ ಕೂಗಿದರು. “ಚಾಪೆ ಮುಟ್ಟಿದ್ದಾಳೆ! ಹಡಬೆಯನ್ನು ಎಳೆದು ಹೊರಗೆ ಹಾಕಿ ಯಾರಾದ್ರೂ!”

ಕೆಲಸದ ಹೆಂಗಸರು ಬಂದರು. ಬಾಗಿಲಲ್ಲೇ ನಿಂತರು. ಧರ್ಮಪಾಲರು ಬಂದರು, ಎರಡು ಹೆಜ್ಜೆ ಮುಂದಿಟ್ಟು, ಅವಳ ಸೀರೆಯ ಕಲೆ ಕಂಡು ನಿಂತುಬಿಟ್ಟರು. ಮುಟ್ಟಿದವರಿಗೆಲ್ಲ ಮೈಲಿಗೆ. ಅಂಗಳದಲ್ಲಿ ಡೊಂಬಯ್ಯ ಕಂಡ.

“ಡೊಂಬಯ್ಯ! ನಿಮ್ಮದೇ ಜನ ಅಲ್ವಾ, ಬಂದು ಎಳಿ ಇವಳನ್ನು!”

ಡೊಂಬಯ್ಯ ಹೆಗಲಿನ ಬೈರಾಸನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ.

“ನನ್ನಿಂದ ಆಗ್ಲಿಕ್ಕಿಲ್ಲ ಧಣೀ” ಎಂದ. ಹೋಗಲೂ ಇಲ್ಲ, ಬರಲೂ ಇಲ್ಲ. ಅಲ್ಲೇ ನಿಂತ.

ಅಷ್ಟರಲ್ಲಿ ಶಂಭು ಓಡುತ್ತಾ ಬಂದ. ಬೆರಳುಗಳ ನಡುವೆ ನಿನ್ನೆಯ ಗುಂಡಿಯ ಕೆಂಪು ಮಣ್ಣು ಹಾಗೆಯೇ ಇತ್ತು.

“ನೋಡು ನಿನ್ನ ಹೆಂಡತಿಯ ಅವತಾರ!” ಧರ್ಮಪಾಲರ ದನಿ ಮೊದಲ ಸಲ ಏರಿತು. “ಎಬ್ಬಿಸು! ನಾಲ್ಕು ಬಿಗಿದು ಎಳ್ಕೊಂಡು ಹೋಗು. ಇಲ್ಲದಿದ್ರೆ ಇವತ್ತೇ ಗದ್ದೆ ಬಿಟ್ಟು ನಡಿ!”

ಶಂಭು ಒಳಜಗಲಿಗೆ ಹತ್ತಿದ. ಆ ಮನೆಯ ಆ ಜಾಗಕ್ಕೆ ಅವನು ಕಾಲಿಟ್ಟದ್ದು ಅದೇ ಮೊದಲು. ಕಾಂತಿಯ ಬೆನ್ನ ಹಿಂದೆ ನಿಂತ. ಕಾಂತಿ ಹೊಡೆತಕ್ಕೆ ಕಾಯುವವಳ ಹಾಗೆ ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಎದುರಿನ ಕಂಬವನ್ನು ನೋಡುತ್ತಿದ್ದಳು.

ಶಂಭು ಕುಳಿತ. ಎರಡೂ ಅಂಗೈಗಳನ್ನು ಅವಳ ಸೊಂಟದ ಮೇಲಿಟ್ಟು ಒತ್ತಿದ.

“ಏಯ್! ಎಂತ ಮಾಡುದು ಅಲ್ಲಿ! ಶಂಭು!”

“ಇಲ್ಲಿಯಾ?” ಎಂದು ಶಂಭು ಕಾಂತಿಯನ್ನು ಕೇಳಿದ.

ಕಾಂತಿಗೆ ಅವನ ಕೈ ತಾಗುತ್ತಿರುವುದು ಗೊತ್ತಾಗಲಿಲ್ಲ. ನೋವಾಗಲಿ ಹಿತವಾಗಲಿ ಏನೂ ತಿಳಿಯಲಿಲ್ಲ. ಅವಳ ಎದೆಯ ಹಾಲು ರವಿಕೆ ದಾಟಿ ಚಾಪೆಗೆ ಇಳಿಯುತ್ತಿತ್ತು. ಮೂಲೆಯಲ್ಲಿ ಕುಳಿತ ರಾಜಮತಿ ತನ್ನ ಹೊಟ್ಟೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಆ ಹಾಲನ್ನೇ ನೋಡುತ್ತಿದ್ದಳು. ಧಣಿಗಳು ಕೂಗುತ್ತಲೇ ಇದ್ದರು.

“ಕೆಳಗೆಯಾ?” ಎಂದ ಶಂಭು, ಒತ್ತುತ್ತಾ.