ಏಳರ ಅಡ್ಡಗೆರೆ

ಬೋರ್ಡ್ ಬರೆಯುವ ಅಪ್ಪನಿಗೆ ಕಣ್ಣು ಕಾಣದಂತಾಗಿ ಎರಡು ವರ್ಷವಾಗಿತ್ತು. ಆದರೂ ಅಂಗಡಿಯ ಕೀಲಿಕೈ ಮಾತ್ರ ಅವರ ಜೇಬು ಬಿಟ್ಟು ಅಲ್ಲಾಡಿರಲಿಲ್ಲ. ಅವತ್ತು ಬೆಳಿಗ್ಗೆ ಹಿರಿಮಗಳ ಭುಜ ಹಿಡಿದು, "ಪೇಟೆಯಲ್ಲೊಂದು ಸುತ್ತು ಹಾಕಿ, ಹಾಗೇ ಸೇತುವೆಯಾಚೆ ಹೊಲದ ಕಡೆಗೂ ಹೋಗಿ ಬರೋಣ. ನಮ್ಮ ಕೆಲಸಾನೆಲ್ಲ ಒಂದ್ಸಲ ಮುಟ್ಟಿ ನೋಡ್ಬೇಕು. ಆಮೇಲೆ ಕೀಲಿಕೈ ಯಾರಿಗೆ ಅಂತ ಹೇಳ್ತೀನಿ" ಎಂದರು.

ಹಿರಿಯವಳು ಆಗಲೇ ಚಪ್ಪಲಿ ಮೆಟ್ಟಿದ್ದಳು. ಹದಿನೆಂಟು ವರ್ಷ ಅಪ್ಪನ ಏಣಿ ಹಿಡಿದವಳು, ಕುಂಚ ತೊಳೆದವಳು, ತಲೆಗೂದಲಿಗೂ ಟರ್ಪೆಂಟೈನ್ ವಾಸನೆ ಅಂಟಿಸಿಕೊಂಡವಳು ಅವಳು. ತಂಗಿ ಅಂಗಡಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ಬೇರೆ ಯಾವ ಕೆಲಸವೂ ಒಗ್ಗದೆ. ಬಂದವಳು ಕುಂಚ ಹಿಡಿದದ್ದೂ ಎಡಗೈಯಲ್ಲಿ. ಆರೇ ತಿಂಗಳಿಗೆ ಪೇಟೆಯವರೆಲ್ಲ "ಚಿಕ್ಕವಳನ್ನ ಕಳಿಸಿ" ಎನ್ನತೊಡಗಿದರು. ಮೂವರ ಬರಹವೂ ಒಂದೇ ಅಚ್ಚು, ಯಾರದು ಯಾವುದೆಂದು ಹೇಳೋಕಾಗಲ್ಲ ಅಂತ ಊರೇ ಹೇಳುತ್ತಿರುವಾಗ ಚಿಕ್ಕವಳೇ ಯಾಕೆ ಬೇಕು? ಹಲ್ಲು ಕಿರಿದು ಮಾತಾಡುತ್ತಾಳಲ್ಲ, ಅದಕ್ಕೆ! ನೆನೆದಾಗಲೆಲ್ಲ ಹಿರಿಯವಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಗಡಿಯಾರದ ಗೋಪುರ ದಾಟಿ ಔಷಧಿ ಅಂಗಡಿಯ ಮುಂದೆ ನಿಂತರು. ಬಾಗಿಲ ಪಕ್ಕದ ಬೋರ್ಡಿನ ಮೇಲೆ ಅಪ್ಪ ಬೆರಳಾಡಿಸಿದರು, ಉಗುರಿನಿಂದ ಮೆಲ್ಲಗೆ ಕೆರೆದರು.

"ಮೊದಲನೇ ಕೋಟ್ ಒಣಗೋಕೆ ಮುಂಚೆ ಎರಡನೇದು ಹೊಡೆದಿದ್ದಾರೆ. ಅವಸರ."

ಅದು ಹಿರಿಯವಳ ಕೆಲಸ. ಅಷ್ಟರಲ್ಲಿ ಅಂಗಡಿಯವನು ಕತ್ತು ಹೊರಗೆ ಹಾಕಿ, "ಯಜಮಾನ್ರೇ, ಚಿಕ್ಕವಳು ಬರ್ಲಿಲ್ವಾ?" ಎಂದ. ಇವನ ನಾಲಿಗೆಗೇ ಒಂದು ಕೋಟ್ ಹೊಡೆಯಬೇಕು ಎಂದುಕೊಂಡು ಅವಳು ಅಪ್ಪನನ್ನು ಮುಂದಕ್ಕೆ ನಡೆಸಿದಳು.

ಬಸ್ ನಿಲ್ದಾಣದ ಗೋಡೆಗೆ ಏಣಿ ಹಾಕಿಕೊಂಡು ತಂಗಿ ಬರೆಯುತ್ತಿದ್ದಳು. ಕೆಳಗೆ ನಾಲ್ಕೈದು ಜನ ಬಸ್ಸು ಬಂದರೂ ಹತ್ತದೆ ಅವಳನ್ನೇ ನೋಡುತ್ತಿದ್ದರು. "ಅಕ್ಕಾ, ಅಪ್ಪನ್ನ ಬಿಸಿಲಲ್ಲಿ ಜಾಸ್ತಿ ಓಡಾಡಿಸ್ಬೇಡ ಕಣೇ!" ಎಂದು ಮೇಲಿನಿಂದಲೇ ಕೂಗಿದಳು.

"ಬಂದ್ಲು ನಂಗೆ ಬುದ್ಧಿ ಹೇಳೋಕೆ," ಎಂದು ಹಿರಿಯವಳು ಗೊಣಗಿದಳು. ಅಪ್ಪ ಕೇಳಿಸದವರಂತೆ ನಡೆದರು.

ಸೇತುವೆ ದಾಟಿದ ಮೇಲೆ ಪೇಟೆಯ ಗದ್ದಲ ಹಿಂದಾಯಿತು. ಇಟ್ಟಿಗೆ ಗೂಡು, ಉತ್ತು ಬಿಟ್ಟ ಹೊಲ, ರಸ್ತೆಯಂಚಿಗೆ ಒಂದು ಮೈಲಿಗಲ್ಲು. ಪಕ್ಕದ ಊರಿಗೆ 7 ಕಿ.ಮೀ. ಎಂದು ಬರೆದಿದ್ದ ಕಲ್ಲು ಅದು. ಅಪ್ಪ ಮಂಡಿಯೂರಿ ಕೂತು ಅಂಕಿಯನ್ನು ಸವರಿದರು. ಏಳರ ತಲೆಯ ಮೇಲಿನ ಅಡ್ಡಗೆರೆಯನ್ನು ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಅವರ ಮುಖ ಅರಳಿತು. ಹದಿನೆಂಟು ವರ್ಷದಲ್ಲಿ ತನ್ನ ಒಂದು ಗೆರೆಗೂ ಆ ಮುಖ ಹಾಗೆ ಅರಳಿದ್ದನ್ನು ಅವಳು ಕಂಡಿರಲಿಲ್ಲ.

"ಭೇಷ್! ಇದು ಯಾರದಮ್ಮ?"

ಅದು ತಂಗಿಯದು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

"ನಂದೇ ಅಪ್ಪ," ಎಂದಳು.

ಅಪ್ಪ ಅಡ್ಡಗೆರೆಯ ಎಡತುದಿಯನ್ನು ಇನ್ನೊಮ್ಮೆ ಮುಟ್ಟಿ ಮೇಲೆದ್ದರು. ಆಮೇಲೆ ಜೇಬಿನಿಂದ ಕೀಲಿಕೈ ತೆಗೆದು ಅವಳ ಅಂಗೈಗೆ ಹಾಕಿದರು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ವಾಪಸು ಹೊರಟು ಇಟ್ಟಿಗೆ ಗೂಡಿನ ಹತ್ತಿರ ಬಂದಾಗ ಅವರು ಕೇಳಿದರು:

"ಯಾವಾಗಿಂದ ಎಡಗೈಲಿ ಬರೀತಿದ್ದೀಯಾ?"

ಅವಳ ಕಾಲು ನಿಂತಿತು.

"ಅಡ್ಡಗೆರೆ ಮುಗಿಸೋ ಕಡೆ ಬಣ್ಣ ಚೂರು ಗುಪ್ಪೆ ಆಗುತ್ತೆ. ನಂಗೂ ನಿಂಗೂ ಬಲಗಡೆ. ಅವಳು ಬಲದಿಂದ ಎಡಕ್ಕೆ ಎಳೀತಾಳೆ, ಅವಳದು ಎಡಗಡೆ. ಕಣ್ಣಿದ್ದಾಗ ನಂಗೂ ಗೊತ್ತಿರ್ಲಿಲ್ಲ ಇದು."

"ಅಪ್ಪಾ..."

"ಕೀಲಿಕೈ ನಿಂಗೇ ಅಂತ ಮನೇಲೇ ತೀರ್ಮಾನ ಮಾಡಿದ್ದೆ. ತಂಗಿ ಕೆಲಸಾನ ತಂಗಿದು ಅಂತ ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಬೇಕಿತ್ತು, ಅಷ್ಟೇ. ಅವಳೂ ಆ ಅಂಗಡೀಲೇ ದುಡೀಬೇಕಲ್ಲ."

"ಹೊಟ್ಟೆಕಿಚ್ಚು ಅಪ್ಪ. ತಡ್ಕೊಳ್ಳೋಕಾಗಲ್ಲ ನಂಗೆ," ಎಂದಳು. ಅಪ್ಪ ಕೀಲಿಕೈಯನ್ನು ವಾಪಸು ಕೇಳಲಿಲ್ಲ. ಬಸ್ ನಿಲ್ದಾಣದವರೆಗೂ ಅದು ಅವಳ ಮುಷ್ಟಿಯಲ್ಲಿ ಬೆವರಿತು.

ತಂಗಿ ಏಣಿಯ ಮೇಲಿನಿಂದ, "ಏನಂದ್ರು ಅಕ್ಕಾ ಅಪ್ಪ?" ಎಂದಳು.

ಹಿರಿಯವಳು ಕೀಲಿಕೈಯನ್ನು ಅಪ್ಪನ ಜೇಬಿಗೆ ಹಾಕಿ, ತಲೆಯೆತ್ತಿದಳು. "ಸೇತುವೆಯಾಚೆ ನಿನ್ನ ಏಳರ ಮೈಲಿಗಲ್ಲು ಇದೆಯಲ್ಲ, ಅದನ್ನ ನಂದು ಅಂತ ಹೇಳ್ಬಿಟ್ಟೆ ಕಣೇ."

ತಂಗಿಯ ಕುಂಚ ಅಲ್ಲೇ ನಿಂತಿತು. ನಂಬಲಾರದವಳಂತೆ ಕೇಳಿದಳು: "ನಿಂದು ಅಂತ ಹೇಳ್ಕೊಳ್ಳೋವಷ್ಟು ಚೆನ್ನಾಗಿದೆಯಾ ಅಕ್ಕಾ ಅದು?"

ನಾಲ್ಕು ವರ್ಷದಲ್ಲಿ ಅಕ್ಕನ ಬಾಯಿಂದ ಅವಳು ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ಹಿರಿಯವಳಿಗೆ ಅದು ಈಗ ಹೊಳೆಯಿತು, ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

"ಹೂಂ," ಎಂದಳು.

ಪಕ್ಕದಲ್ಲಿ ಅಪ್ಪ ಜೇಬಿಗೆ ಕೈಹಾಕಿದರು. ತಡಕಾಡಿ ಹಿರಿಯವಳ ಬಲಗೈ ಹುಡುಕಿ, ಕೀಲಿಕೈಯನ್ನು ಮತ್ತೆ ಅದರಲ್ಲಿಟ್ಟರು.