ಮರದ ಮೇಲೆ ಸುಮ್ಮನಿರಬಾರದು

"ಯಾಕ್ಲಾ ಬೋಳಿಮಗ್ನೆ, ಹಾಡು ನಿಲ್ಲಿಸ್ದೆ? ಮೇಲ್ ಕೂತ್ಕೊಂಡು ಯಾರ ಹಿತ್ಲು ನೋಡ್ತಿದ್ದೀಯ?"

ಕೆಳಗಿನಿಂದ ಕೂಗಿದವನು ಆ ಪುಟ್ಟ ದ್ವೀಪದ ಊರಿನ ಹಿರಿಯ ನಕಿಬೆ. ತೆಂಗಿನ ನೆತ್ತಿಯಲ್ಲಿ ಹೊಂಬಾಳೆ ಕೆತ್ತುತ್ತಿದ್ದ ಬೌರೊ ತಡಬಡಾಯಿಸಿದ. ನೀರಾ ಇಳಿಸುವವನು ಮರದ ಮೇಲೆ ಇರುವಷ್ಟು ಹೊತ್ತೂ ಗಟ್ಟಿಯಾಗಿ ಹಾಡುತ್ತಿರಬೇಕು. ಕೆಳಗೆ ಸ್ನಾನಕ್ಕಿಳಿದ ಹೆಂಗಸರಿಗೆ ಮೇಲೊಬ್ಬನಿದ್ದಾನೆಂದು ಗೊತ್ತಾಗಬೇಕಲ್ಲ! ಸುಮ್ಮನಿದ್ದವನು ಕಳ್ಳಗಣ್ಣಿನವನೆಂದೇ ಲೆಕ್ಕ.

"ಗಂಟ್ಲು ಒಣಗಿತ್ತು, ದೊಡ್ಡಯ್ಯ."

ಗಂಟಲು ಒಣಗಿದ್ದೇನೋ ನಿಜ. ಹೊಸ ಚರ್ಚಿನ ಹೆಸರಿನಲ್ಲಿ ಊರಿಗೆ ಊರೇ ಮೂರು ದಿನ ಉಪವಾಸ. ಊರೆಲ್ಲ ಒಂದೇ ಹೊಟ್ಟೆಯಾಗಬೇಕೆಂದು ಕಟ್ಟಳೆ ಮಾಡಿದವನು ನಕಿಬೆಯೇ. ಆದರೆ ಬೌರೊನ ಹಾಡು ನಿಂತದ್ದು ಅದಕ್ಕಲ್ಲ. ಹಂದಿಗೂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನಕಿಬೆ ಡಬ್ಬಿ ಮಾಂಸವನ್ನು ಬೆರಳಿನಿಂದ ಬಳಿದು ತಿನ್ನುವುದನ್ನು ಅವನು ಆಗಷ್ಟೇ ಕಂಡಿದ್ದ. ಈಗಲೂ ಆ ಮೀಸೆ ಜಿಡ್ಡಿಗೆ ಮಿರಿಮಿರಿ ಮಿಂಚುತ್ತಿತ್ತು.

ಅದೇ ಸಂಜೆ ಬೌರೊನ ಹೆಂಡತಿ ತೆರೆತಿಯಾ ಸಿಕ್ಕಿಬಿದ್ದಳು. ಏಳು ತಿಂಗಳ ಬಸುರಿ, ಹಸಿವು ತಡೆಯಲಾರದೆ ಅಂಗೈಯಗಲದ ಮೀನೊಂದನ್ನು ಸುಟ್ಟುಕೊಂಡಿದ್ದಳು. ನಕಿಬೆ ಅದನ್ನು ಅವಳ ಕೈಯಿಂದ ಕಿತ್ತು ನಾಯಿಗೆ ಎಸೆದ. ನಾಯಿಗೆ ಉಪವಾಸವಿರಲಿಲ್ಲ.

ಮರುದಿನ ಮಧ್ಯಾಹ್ನ ಚಾವಡಿ ಸೇರಿತು. ಕೇದಗೆ ಗರಿಯ ಸೂರಿನಡಿ ಒಂದೊಂದು ಮನೆತನಕ್ಕೂ ಅದರದೇ ಚಾಪೆ, ಅಲ್ಲಿ ಕೂತವರಿಗಷ್ಟೇ ಮಾತು. ದೂರದ ಅಬೆಮಾಮ ದ್ವೀಪದಿಂದ ಬಂದು ನಕಿಬೆಯ ಮರ ಹತ್ತುವ ಬೌರೊನಿಗೆ ಚಾಪೆ ಎಲ್ಲಿಂದ ಬರಬೇಕು? ಗಂಡಹೆಂಡಿರು ಸೂರಿನ ಹೊರಗೆ, ಬಿಸಿಲಲ್ಲಿ ಕೂತರು.

"ಸತ್ಯ, ನಂಬ್ಕೆ, ಪ್ರೀತಿ, ಒಗ್ಗಟ್ಟು," ನಕಿಬೆ ನಾಲ್ಕು ಬೆರಳೆತ್ತಿದ. "ಈ ಹೆಂಗ್ಸು ನಾಲ್ಕನ್ನೂ ಒಂದು ಮೀನಿನ್ ಜೊತೆ ನುಂಗಿಬಿಟ್ಲು. ನಾಳಿನ ದೋಣಿಗೆ ಇಬ್ರೂ ಗಂಟುಮೂಟೆ ಕಟ್ಲಿ."

ತೆರೆತಿಯಾ ಗಂಡನ ತೋಳು ಹಿಡಿದಳು. ಅಬೆಮಾಮಕ್ಕೆ ಎರಡು ದಿನದ ದೋಣಿ ದಾರಿ. ಅದರಲ್ಲೇ ಹೆರಿಗೆಯಾದರೆ? ಬೌರೊ ಎದ್ದು ನಿಂತ.

"ದೊಡ್ಡಯ್ಯ, ಒಂದ್ ಮಾತು..."

"ಚಾಪೆ ಇಲ್ದೋನ್ಗೆ ಬಾಯೂ ಇಲ್ಲ ಕಣ್ಲಾ!"

"ಆಯ್ತು, ದೊಡ್ಡಯ್ಯ. ನಿಮ್ ಮರಕ್ಕೆ ಹೊತ್ತಾಯ್ತು, ಕೆತ್ತಿ ಬತ್ತೀನಿ."

ಬೌರೊ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಚಾವಡಿಗೆ ಅಂಟಿಕೊಂಡಂತಿದ್ದ ತೆಂಗಿನ ಮರ ಹತ್ತಿದ. ಪ್ರಾರ್ಥನೆಯ ರಾಗವನ್ನೇ ಹಿಡಿದು, ಕಂಠ ಬಿಚ್ಚಿ ಹಾಡಿದ:

"ಹಂದಿಗೂಡಿನ ಹಿಂದೆ ನಟ್ಟ ನಡುಹಗಲು
ಡಬ್ಬಿ ತೆರೆದುಕೊಂಡಿತು ತನ್ನಷ್ಟಕ್ಕೆ ತಾನೆ
ಒಳಗಿನ ಮಾಂಸಕ್ಕೆ ಎಷ್ಟೊಂದು ಪ್ರೀತಿ
ನಡೆದು ಬಂತು ಉಪವಾಸಿಯ ಬಾಯಿಗೆ ತಾನೆ!"

ಚಾವಡಿಯಲ್ಲಿ ಯಾರೋ ಕಿಸಕ್ಕೆಂದರು.

"ಮುಚ್ಚಲಾ ಬಾಯಿ!" ನಕಿಬೆ ನೆಗೆದು ನಿಂತ.

ಬೌರೊ ವಿಧೇಯ, ತಕ್ಷಣ ಮುಚ್ಚಿದ. ಕತ್ತಿಯ ಸದ್ದೂ ನಿಂತಿತು.

"ಹಾಡ್ನಾಗೆ ನಿನ್ ಹೆಸ್ರೇ ಇಲ್ವಲ್ಲೋ ನಕಿಬೆ, ನಿಂಗ್ಯಾಕ್ ಉರಿ?" ಎಲ್ಲರಿಗಿಂತ ಹಳೆಯ ಚಾಪೆಯಿಂದ ತಾಬೇರಾ ಅಜ್ಜಿ ಕೇಳಿದಳು. ಆಮೇಲೆ ಕತ್ತು ಮೇಲೆತ್ತಿ ಗದರಿದಳು: "ಏ ಬೌರೊ! ಮರದ್ ಮೇಲೆ ಸುಮ್ಕಿರಬಾರ್ದು ಅಂತ ಗೊತ್ತಿಲ್ವೇನ್ಲಾ? ಕೆಳಗೆ ಹೆಣ್ಮಕ್ಳವ್ರೆ. ಹಾಡು!"

"ಹಾಡು!" ಪಕ್ಕದ ಚಾಪೆಯ ಹೆಂಗಸರೂ ಕೂಗಿದರು. "ಹಾಡಪ್ಪಾ, ನಮ್ಗೆ ನಾಚ್ಕೆ ಆಯ್ತದೆ!"

ಸೂರಿನ ಹೊರಗೆ ತೆರೆತಿಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು.

ಬೌರೊ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದ. ಈ ಸಲ ಹೆಸರನ್ನೂ ಸೇರಿಸಿದ.