ಹತ್ತು ಡಿಗ್ರಿಯ ಗುರುತು

ತನ್ನ ಕಿವಿ ಮಂದವಾಗುತ್ತಿರುವುದು ಹೆಂಡತಿ ಕನಕಮ್ಮನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲವೆಂದು ಜಯರಾಮಪ್ಪ ನಂಬಿದ್ದ. ಮಾತು ಕೇಳುತ್ತಿತ್ತು, ಲಾರಿಯ ಹಾರ್ನು ಕೇಳುತ್ತಿತ್ತು. ಸಣ್ಣ, ಚೂಪಾದ ಸದ್ದುಗಳು ಮಾತ್ರ ಹೊರಟುಹೋಗಿದ್ದವು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ, ಹಗಲೂ ರಾತ್ರಿ ಅಬ್ಬರಿಸುವ ಕಂಪ್ರೆಸರ್ ಮನೆಯಲ್ಲಿ ಹದಿನೆಂಟು ವರ್ಷ ಫಿಟ್ಟರ್ ಆಗಿದ್ದವನಿಗೆ ಅದು ಅಚ್ಚರಿಯ ವಿಷಯವೇನಲ್ಲ. ಅಲ್ಲಿ ಜೊತೆಗಿದ್ದವರಲ್ಲಿ ಅರ್ಧ ಜನ ಇವತ್ತು ಟೀವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಇಟ್ಟುಕೊಳ್ಳುತ್ತಾರೆ.

ತೊಂದರೆ ಏನೆಂದರೆ, ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಅವನು ಹಾಕಿದ ಗ್ಯಾರೇಜಿಗೆ ಹೆಸರು ಬಂದದ್ದೇ ಅವನ ಕಿವಿಯಿಂದ. ಇಂಜಿನ್ನಿನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎನ್ನುವುದಕ್ಕೆ ಟೈಮಿಂಗ್ ಎನ್ನುತ್ತಾರೆ. ಕಿಡಿ ತಡವಾದರೆ ಗಾಡಿ ಸೋಮಾರಿಯಾಗುತ್ತದೆ. ತೀರ ಬೇಗವಾದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂತೆ ಚಿಟಿಚಿಟಿ ಸದ್ದು ಬರುತ್ತದೆ. ಜಯರಾಮಪ್ಪ ಆ ಸದ್ದು ಬರುವ ತನಕ ಟೈಮಿಂಗನ್ನು ಮುಂದಕ್ಕೆ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬೋಲ್ಟು ಬಿಗಿಯುತ್ತಿದ್ದ. ಇಂಜಿನ್ನಿನ ಪುಲ್ಲಿಯ ಮೇಲಿನ ಡಿಗ್ರಿ ಗುರುತು ನೋಡಿ ಕಿಡಿಯ ಕ್ಷಣ ಕೂರಿಸುವ ಟೈಮಿಂಗ್ ಲೈಟು ಗ್ಯಾರೇಜಿನಲ್ಲಿದ್ದರೂ ಅದನ್ನು ಮುಟ್ಟುತ್ತಿದ್ದವಳು ಪುಷ್ಪ ಒಬ್ಬಳೇ.

ಪುಷ್ಪ ಕ್ಯಾಸಂಬಳ್ಳಿಯ ಸೊಸೆ, ಮೂವತ್ತೈದರ ಹೆಂಗಸು. ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿಯಲ್ಲಿ ವೈರಿಂಗ್ ಕಲಿತಿದ್ದಳು. ಒಂಬತ್ತು ವರ್ಷದ ಹಿಂದೆ ಕೆಲಸ ಕೇಳಿಕೊಂಡು ನಾಲ್ಕು ಗ್ಯಾರೇಜು ಅಲೆದಾಗ ಎಲ್ಲರೂ ನಕ್ಕು ಕಳಿಸಿದ್ದರು. ಜಯರಾಮಪ್ಪ ನಗಲಿಲ್ಲ. ಕೆಟ್ಟ ಸ್ಟಾರ್ಟರ್ ಒಂದನ್ನು ಅವಳ ಮುಂದಿಟ್ಟು, ಬಿಚ್ಚು ನೋಡೋಣ ಎಂದಿದ್ದ.

ಕಳೆದ ವರ್ಷ ಬೇಸಿಗೆಯಲ್ಲಿ ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ವಿಜಯಕುಮಾರ್ ತನ್ನ ಕೆಂಪು ಕಾರನ್ನು ತಂದ. ಜಪಾನಿನದು, ಎರಡೇ ಬಾಗಿಲು, ಟರ್ಬೋ ಇಂಜಿನ್, ವಯಸ್ಸು ಮೂವತ್ತೈದು ದಾಟಿತ್ತು. ಚೆನ್ನೈಯಲ್ಲಿ ಗುಜರಿಗೆ ಹೋಗುತ್ತಿದ್ದುದನ್ನು ಕೊಂಡು, ಬಿಡುವಿನ ದಿನಗಳಲ್ಲಿ ತಾನೇ ಕೂತು ರಿಪೇರಿ ಮಾಡಿದ್ದ. ತಂದೆ ಹಾಸಿಗೆ ಹಿಡಿದಿದ್ದಾಗ ಎಂಟು ತಿಂಗಳು ಕಾರು ಶೆಡ್ಡಿನಲ್ಲೇ ನಿಂತಿತ್ತು. ತಂದೆ ತೀರಿಕೊಂಡ ಮೇಲೆ ಹೊರಗೆ ತೆಗೆದರೆ ಅದಕ್ಕೆ ಜೀವವೇ ಇಲ್ಲ, ಏರು ಹತ್ತಲು ಒದ್ದಾಡುತ್ತಿತ್ತು.

ಜಯರಾಮಪ್ಪ ಕೇಳಿದ ಕೂಡಲೇ ಕಿಡಿ ತಡವಾಗಿದೆ ಎಂದ. ಅದು ನಿಜವೇ ಆಗಿತ್ತು. ಆದರೆ ಈ ಕಾರಿನಲ್ಲಿ ಒಂದು ಪುಟ್ಟ ಕಂಪ್ಯೂಟರಿದೆ. ಇಂಜಿನ್ನಿಗೆ ಸ್ಕ್ರೂ ಮಾಡಿದ ಸೆನ್ಸರೊಂದು ಆ ಚಿಟಿಚಿಟಿ ಬಡಿತವನ್ನು ಹಿಡಿದರೆ, ಕಂಪ್ಯೂಟರು ಕಿಡಿಯನ್ನು ತಾನಾಗಿಯೇ ಹಿಂದಕ್ಕೆ ಎಳೆಯುತ್ತದೆ. ಹಾಗೆ ಎಳೆಯುತ್ತಿರಬಹುದು, ಮೊದಲು ಯಾಕೆಂದು ನೋಡೋಣ ಎಂದು ಪುಷ್ಪ ಹೇಳಿದಳು. ಜಯರಾಮಪ್ಪ ಬೇಡವೆಂದು ತಲೆಯಾಡಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿದ. ಸದ್ದು ಬರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ.

ಮೂವರೂ ಕೆಜಿಎಫ್ ರಸ್ತೆಗೆ ಹೊರಟರು. ಸ್ಟೀರಿಂಗ್ ಜಯರಾಮಪ್ಪನ ಕೈಯಲ್ಲಿ, ಪಕ್ಕದಲ್ಲಿ ವಿಜಯಕುಮಾರ್, ಹಿಂದಿನ ಇಕ್ಕಟ್ಟಿನಲ್ಲಿ ಪುಷ್ಪ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೆಡಲು ಒತ್ತಿದಾಗ ಇಂಜಿನ್ನಿಗೆ ಗಾಳಿ ತುರುಕಿ ಬಲ ಕೊಡುವ ಟರ್ಬೋ ಎದ್ದಿತು. ಕಾರು ಮುಂದಕ್ಕೆ ಜಿಗಿದು, ಮತ್ತೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸೊರಗಿತು. ಜಯರಾಮಪ್ಪನಿಗೆ ಇಂಜಿನ್ ನುಣ್ಣಗೆ ಓಡುತ್ತಿದೆ ಎನಿಸಿತು.

"ಅಣ್ಣಾ, ನಿಲ್ಸಿ. ಬಿಸಿ ಜಾಸ್ತಿ ಆಗೈತೆ," ಎಂದಳು ಪುಷ್ಪ.

ಬಿಸಿ ತೋರಿಸುವ ಮುಳ್ಳು ಏರದೆ ಎಂದಿನಂತೆ ನಡುವಲ್ಲೇ ನಿಂತಿತ್ತು. ಜಯರಾಮಪ್ಪ ಅದನ್ನು ನೋಡಿದ. ಏನೂ ಕೇಳದೆ ಕಾರು ನಿಲ್ಲಿಸಿದ.

ನಿಧಾನವಾಗಿ ವಾಪಸು ಬಂದರು. ಕಾರು ಎರಡು ದಿನ ಇಲ್ಲೇ ಇರಲಿ ಎಂದು ಪುಷ್ಪ ಹೇಳಿದ್ದಕ್ಕೆ ವಿಜಯಕುಮಾರ್ ಒಪ್ಪಿ ಬಸ್ಸು ಹತ್ತಿದ. ಮಾರನೇ ದಿನ ಬೆಳಿಗ್ಗೆ ಜಯರಾಮಪ್ಪ ಬರುವ ಹೊತ್ತಿಗೆ ಅವಳು ನಾಲ್ಕೂ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳು. ಅದರ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂಜಿನ್ನು ಬಡಿದುಕೊಂಡಿತ್ತು. ಕಂಪ್ಯೂಟರು ಹಿಂದಕ್ಕೆ ಎಳೆಯದೆ ಹೋಗಿದ್ದರೆ ಪಿಸ್ಟನ್ನು ತೂತಾಗುತ್ತಿತ್ತು.

ಡ್ಯಾಶ್‌ಬೋರ್ಡಿನ ಮೇಲೆ ಅವಳು ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪವೊಂದನ್ನು ಕೂರಿಸಿದ್ದಳು. ಸೆನ್ಸರಿನ ವೈರಿಗೆ ಸಣ್ಣದೊಂದು ಸರ್ಕ್ಯೂಟು ಬೆಸೆದು, ಬಡಿತ ಬಂದಾಗಲೆಲ್ಲ ದೀಪ ಮಿನುಗುವ ಹಾಗೆ ಮಾಡಿದ್ದಳು. ಗಾಡಿಯವರಿಗೆ ಕಣ್ಣಿಗೆ ಕಾಣಲಿ ಅಂತ ಮಾಡಿದೆ ಎಂದಳು. ಅದು ತನ್ನ ಕಣ್ಣಿಗೆಂದು ತಿಳಿದು ಜಯರಾಮಪ್ಪ ಸ್ಟೂಲಿನ ಮೇಲೆ ಕೂತ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

ಪುಷ್ಪ ಕೈ ಒರೆಸಿಕೊಳ್ಳುತ್ತ ನಿಂತಳು. "ಎರಡು ವರ್ಷ ಆಯ್ತಣ್ಣ."

"ಯಾಕ್ ಏಳ್ಲಿಲ್ಲ?"

"ನೀವೇ ಏಳ್ತೀರ ಅಂತ ಕಾಯ್ತಿದ್ದೆ. ನಿನ್ನೆ ಕಾಯಕ್ಕಾಗ್ಲಿಲ್ಲ, ಇಂಜಿನ್ನೇ ಓಗ್ತಿತ್ತು."

ಎರಡು ವರ್ಷದಲ್ಲಿ ತಾನು ಟೈಮಿಂಗ್ ಕೂರಿಸಿದ ಗಾಡಿಗಳೆಲ್ಲ ಜಯರಾಮಪ್ಪನ ಕಣ್ಣ ಮುಂದೆ ಬಂದವು. ಒಂದೂ ದೂರು ಬಂದಿರಲಿಲ್ಲ. ಹೇಗೆ ಎಂದು ಕೇಳಿದ. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದಳು: ಅವನು ಮಧ್ಯಾಹ್ನ ಊಟಕ್ಕೆ ಹೋದಾಗ ಲೈಟು ಹಿಡಿದು ಗುರುತಿಗೆ ತಂದಿಡುತ್ತಿದ್ದಳಂತೆ. ನಿನ್ನೆ ಗಾಡಿಯವರು ಜೊತೆಗೇ ಇದ್ದುದರಿಂದ ಹಾಗೆ ಮಾಡಲು ಆಗಲಿಲ್ಲ.

ಅವನಿಗೆ ಮೊದಲು ಬಂದದ್ದು ನಾಚಿಕೆ. ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತ. ಸಂತೆಗೆ, ಮದುವೆಗೆ ಹೋದಲ್ಲೆಲ್ಲ ಜನ ತನ್ನ ಕಿವಿಯನ್ನು ಹೊಗಳುವಾಗ ಇವಳು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಹೆತ್ತ ಮಗಳೇ ಆಗಿದ್ದರೂ ಇಷ್ಟು ಕಾಪಾಡುತ್ತಿದ್ದಳೋ ಇಲ್ಲವೋ ಎಂದುಕೊಂಡ. ಆ ಯೋಚನೆ ಬಂದ ಮೇಲೆ ನಾಚಿಕೆ ಸ್ವಲ್ಪ ಇಳಿಯಿತು.

ಅವನೇ ವಿಜಯಕುಮಾರ್‌ಗೆ ಫೋನು ಮಾಡಿ ಕರೆಸಿದ. ಪ್ಲಗ್ಗುಗಳನ್ನು ತೋರಿಸಿ, ತಪ್ಪು ತನ್ನದೆಂದೂ, ಚೂಪು ಸದ್ದು ತನಗೆ ಕೇಳುವುದಿಲ್ಲವೆಂದೂ, ಕಾರನ್ನು ಬೇರೆ ಕಡೆ ಒಯ್ಯುವುದಾದರೆ ಬೇಸರವಿಲ್ಲವೆಂದೂ ಹೇಳಿದ. ವಿಜಯಕುಮಾರ್ ಪ್ಲಗ್ಗೊಂದನ್ನು ಬೆಳಕಿಗೆ ಹಿಡಿದು ಚುಕ್ಕೆಗಳನ್ನು ನೋಡಿದ.

"ನಮ್ಮಪ್ಪನೂ ಗಣೀಲಿ ಡ್ರಿಲ್ಲರು," ಎಂದ. "ಕಿವಿ ಓಗೈತೆ ಅಂತ ಸಾಯೋ ತನಕ ಏಳ್ಲಿಲ್ಲ. ಕರೆದ್ರೂ ತಿರುಗ್ತಿರ್ಲಿಲ್ಲ, ನಮ್ಮ ಮೇಲೆ ಕ್ವಾಪ ಅಂತ ಅಂದ್ಕೊಂಡು ನಾನೂ ಮಾತು ಬಿಟ್ಟೆ. ನೀವು ಏಳಿದ್ರಲ್ಲ, ಅಷ್ಟು ಸಾಕು ಬಿಡಿ."

ಆಮೇಲೆ ಮೂವರೂ ಸೇರಿ ಕೆಲಸ ಹಿಡಿದರು. ಪುಷ್ಪನ ಊಹೆ ಸರಿಯಾಗಿತ್ತು, ಮೂಲ ಕಾರಣ ಎಂಟು ತಿಂಗಳು ಟ್ಯಾಂಕಿನಲ್ಲಿ ನಿಂತು ಕೆಟ್ಟ ಪೆಟ್ರೋಲು. ಅದು ಹೊತ್ತಿಗೆ ಮುಂಚೆ ಸಿಡಿಯುತ್ತಿದ್ದುದರಿಂದ ಕಂಪ್ಯೂಟರು ಕಿಡಿಯನ್ನು ತಡಮಾಡುತ್ತಿತ್ತು. ಜಯರಾಮಪ್ಪ ಮುಂದಕ್ಕೆ ತಿರುಗಿಸಿದಷ್ಟೂ ಅದು ಹಿಂದಕ್ಕೆ ಎಳೆದಿತ್ತು. ಹಳೆಯ ಪೆಟ್ರೋಲು ಇಳಿಸಿ, ಒಳ್ಳೆಯದನ್ನು ತುಂಬಿಸಿದರು. ಟೈಮಿಂಗ್ ಕೂರಿಸುವ ತನಕ ಕಂಪ್ಯೂಟರು ನಡುವೆ ಕೈಹಾಕದಂತೆ ಪುಷ್ಪ ಪರೀಕ್ಷೆಯ ಸಾಕೆಟ್ಟಿನ ಎರಡು ಪಿನ್ನುಗಳಿಗೆ ತಂತಿ ಸೇರಿಸಿ, ಲೈಟನ್ನು ಜಯರಾಮಪ್ಪನ ಕೈಗೆ ಕೊಟ್ಟಳು. ಅವನು ಪುಲ್ಲಿಯ ಮೇಲೆ ಬೆಳಕು ಬಿಟ್ಟು, ಕಣ್ಣು ಕಿರಿದುಮಾಡಿ, ಕಂಪನಿ ಹೇಳಿದ ಹತ್ತು ಡಿಗ್ರಿಯ ಗುರುತಿಗೆ ತಂದು ಬೋಲ್ಟು ಬಿಗಿದ.

ಅದೇ ಏರಿನಲ್ಲಿ ಕಾರು ಒಂದೇ ಉಸಿರಿಗೆ ಹತ್ತಿತು. ಜಯರಾಮಪ್ಪ ರಸ್ತೆಗಿಂತ ದೀಪವನ್ನೇ ಹೆಚ್ಚು ನೋಡುತ್ತಿದ್ದಾನೆ ಎಂದು ಹಿಂದಿನಿಂದ ಪುಷ್ಪ ಬೈದಳು. ದೀಪ ಒಮ್ಮೆಯೂ ಮಿನುಗಲಿಲ್ಲ.

ಈಗ ಗ್ಯಾರೇಜಿಗೆ ಬಂದವರಿಗೆ ಅವನು ಮೊದಲೇ ಹೇಳಿಬಿಡುತ್ತಾನೆ, ಸದ್ದು ಕೇಳುವ ಕೆಲಸ ಪುಷ್ಪನದು ಎಂದು. ಬಂದವರು ಹೊರಟುಹೋಗುತ್ತಾರೆಂದು ಹೆದರಿದ್ದ. ಇಬ್ಬರು ಹೋದರು, ಉಳಿದವರು ಇದ್ದಾರೆ.

ಪುಷ್ಪನಿಗೆ ತನ್ನ ಋಣವನ್ನು ಹೇಗೆ ಹೇಳಬೇಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ. ಒಂದು ಭಾನುವಾರ ಕನಕಮ್ಮನನ್ನು ಕರೆದುಕೊಂಡು ಕ್ಯಾಸಂಬಳ್ಳಿಗೆ ಹೋದ. ಪುಷ್ಪನ ಅತ್ತೆ ಪೆದ್ದಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನಿಮ್ಮ ಸೊಸೆ ಎರಡು ವರ್ಷ ನನ್ನ ಮಾನ ಕಾದವ್ಳೆ, ತಾಯಿ," ಎಂದ ಜಯರಾಮಪ್ಪ. "ಅದನ್ನ ಏಳೋಕೇ ಬಂದೆ."

ಪುಷ್ಪ ಸರ್ರನೆ ಒಳಗೆ ಹೋಗಿಬಿಟ್ಟಳು. ಪೆದ್ದಮ್ಮ ಅವನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, ಕೂತುಕೋ ಎಂದು ಚಾಪೆ ತಳ್ಳಿದಳು. ಕನಕಮ್ಮ ಆಗಲೇ ಕೂತು, ಅವರೆಕಾಯಿಗೆ ಕೈ ಹಾಕಿದ್ದಳು.